‘ಎಷ್ಟ್ ವರ್ಷ ಬಾಳಿಕಿ ಬರತೈತಿ?’

ಕಾಕಾನ ಫೋನ್ ಬಂದಾಗ ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ಮುಗಿಸಿ ಕಾಫಿ ಹಿಡಿದು ನಿಂತಿದ್ದೆ. “ತಮ್ಮಾ, ನಿನ್ನ ತಮ್ಮಗ ಹುಬ್ಬಳ್ಳ್ಯಾಗ ಇಂಜಿನಿಯರಿಂಗ್ ಸೀಟ್ ಸಿಕ್ಕೈತಿ. ಲ್ಯಾಪ್‌ಟಾಪ್ ಬೇಕಂತ. ಎಪ್ಪತ್ತು ಸಾವಿರ ಅಂತಾನ. ಹೆಸರು ಮಾರಿದ ರೊಕ್ಕ ಐತಿ. ಒಂದ ಮಾತು ಹೇಳು, ಎಷ್ಟ್ ವರ್ಷ ಬಾಳಿಕಿ ಬರತೈತಿ ಅದು?”

“ಐದು ವರ್ಷ ಕಾಕಾ” ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಎತ್ತ ಹತ್ತ ವರ್ಷ ದುಡಿತಾವಲ್ಲೋ” ಎಂದು ಫೋನಿಟ್ಟರು.

ಅರ್ಧ ಗಂಟೆಗೆ ತಮ್ಮನ ಮೆಸೇಜ್: “ಅಣ್ಣಾ, ಗೇಮಿಂಗ್ ಲ್ಯಾಪ್‌ಟಾಪ್ ನೋಡು. ಆದ್ರ ಅಪ್ಪಗ ಗೇಮಿಂಗ್ ಅಂತ ಹೇಳಬ್ಯಾಡ.”

ಇದು ಫೋನಿನಲ್ಲಿ ಬಗೆಹರಿಯುವ ವಿಷಯ ಅಲ್ಲ ಅನ್ನಿಸಿತು. ಶುಕ್ರವಾರ ರಾತ್ರಿ ಹುಬ್ಬಳ್ಳಿ ರೈಲು ಹತ್ತಿದೆ.

ಎರಿ ಮಣ್ಣಿನ ದಾರಿ

ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ಕುಸುಗಲ್ಲ ದಾಟಿದರೆ ಸಾಕು, ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಎರಡೂ ಕಡೆ ಕಪ್ಪು ಎರಿ ಹೊಲ, ಮೇಲೆ ಆಕಾಶ. ಸೆಪ್ಟೆಂಬರ್ ಅದು. ಹೆಸರು ಕಿತ್ತ ಹೊಲಗಳು ಹಿಂಗಾರಿ ಬಿತ್ತನೆಗೆ ಕಾಯುತ್ತಿದ್ದವು. ಮಳೆಗಾಲದಲ್ಲಿ ಈ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಎರಡು ಕಿಲೋ ಆಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು, ಪುಡಿಯಾಗಿ, ಗಾಳಿಗೆ ಎದ್ದು ಮನೆಯ ಡಬ್ಬಿಯೊಳಗೂ ಹೋಗಿ ಕೂರುತ್ತದೆ.

ನವಲಗುಂದ ರೊಕ್ಕದ ಲೆಕ್ಕ ಕೇಳುವುದನ್ನು ಕಲಿತ ಊರು. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ ಕಟ್ಟಿ ಎಂದಾಗ ರೈತರು ಬೀದಿಗಿಳಿದದ್ದು ಇಲ್ಲೇ. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಯಿತು. ಈಗಲೂ ಪ್ರತಿ ವರ್ಷ ಆ ದಿನ ರೈತರು ಸೇರಿ ಸತ್ತವರನ್ನು ನೆನೆಯುತ್ತಾರೆ. 2015ರಲ್ಲಿ ಮಹದಾಯಿಗಾಗಿ ಮತ್ತೆ ಧರಣಿ ಕೂತರು. ಇಂಥ ಊರಿನ ಮನುಷ್ಯ ‘ಎಷ್ಟು ವರ್ಷ’ ಎಂದು ಕೇಳಿದರೆ ಅದು ಸುಮ್ಮನೆ ಕೇಳಿದ ಮಾತಲ್ಲ.

ಕಾಕಾ ಹಾಗೆ ಕೇಳಲು ಇನ್ನೊಂದು ಕಾರಣವೂ ಇತ್ತು. ಅದು ನಾನೇ.

2013ರಲ್ಲಿ ನನಗೆ ಇಂಜಿನಿಯರಿಂಗ್ ಸೀಟ್ ಸಿಕ್ಕಾಗ ಅಪ್ಪ ಕಂತಿನ ಮೇಲೆ ಒಂದು ಲ್ಯಾಪ್‌ಟಾಪ್ ಕೊಡಿಸಿದರು. ಮುಂಗಡಕ್ಕೆ ಕಡಿಮೆ ಬಿದ್ದ ಹತ್ತು ಸಾವಿರ ಕೊಟ್ಟವರು ಕಾಕಾ. ನಾನು ನೋಡಿದ್ದು ಪ್ರೊಸೆಸರ್ ಹೆಸರು, ಹೊಳೆಯುವ ಮುಚ್ಚಳ ಎರಡೇ. ಬೇಸಿಗೆ ರಜೆಯಲ್ಲಿ ಊರಿಗೆ ತಂದು, ಹಾಸಿಗೆಯ ಮೇಲಿಟ್ಟುಕೊಂಡು ರಾತ್ರಿಯಿಡೀ ಆಟ. ಎರಡನೇ ವರ್ಷದ ಬೇಸಿಗೆಯಲ್ಲಿ ಒಂದು ದಿನ ಅದು ಆರಿಹೋಯಿತು, ಮತ್ತೆ ಹತ್ತಲಿಲ್ಲ. ರಿಪೇರಿ ಅಂಗಡಿಯವರು ಬಿಚ್ಚಿ ತೋರಿಸಿದರು: ಫ್ಯಾನಿನ ಹಿಂದೆ ಕಪ್ಪು ಧೂಳು ಹತ್ತಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಬಿಸಿ ಗಾಳಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಮದರ್‌ಬೋರ್ಡ್ ಸುಟ್ಟಿತ್ತು. ವಾರಂಟಿ ಮುಗಿದು ಬಹಳ ದಿನವಾಗಿತ್ತು, ಕಂತು ಮಾತ್ರ ಇನ್ನೂ ಇತ್ತು. ಸತ್ತ ಮಷಿನ್ನಿಗೆ ಅಪ್ಪ ಮತ್ತೆ ನಾಲ್ಕು ತಿಂಗಳು ರೊಕ್ಕ ಕಟ್ಟಿದರು. ಕಾಕಾ ತಮ್ಮ ಹತ್ತು ಸಾವಿರ ಯಾವತ್ತೂ ಕೇಳಲಿಲ್ಲ.

ಜಮಖಾನದ ಮೇಲೆ ಪಂಚಾಯ್ತಿ

ಮನೆ ಮುಟ್ಟಿದಾಗ ಚಿಗವ್ವ ಪಡಸಾಲೆಯಲ್ಲಿ ಜಮಖಾನ ಹಾಸಿದರು. ಅವರ ಮದುವೆಯಲ್ಲಿ ಬಂದ ನವಲಗುಂದ ಜಮಖಾನ ಅದು. ಈ ಜಮಖಾನಗಳನ್ನು ನೇಯುವವರು ಹೆಣ್ಣುಮಕ್ಕಳು, ನಿಲುವಿನ ಮಗ್ಗದ ಮೇಲೆ, ಮನೆಯಲ್ಲೇ ಕೂತು. ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆಯೂ ಸಿಕ್ಕಿದೆ. ನಮ್ಮ ಮನೆಯದರ ಅಂಚು ಸವೆದಿದೆ. ಕೆಂಪು ಬಣ್ಣ, ನಡುವಿನ ಪಗಡಿ ಹಾಸು, ನವಿಲು ಇನ್ನೂ ಎದ್ದು ಕಾಣುತ್ತವೆ.

ರೊಟ್ಟಿ, ಝುಣಕ ಮುಗಿಸಿ ನಾನು ತಮ್ಮನ ಕೋಣೆ ನೋಡಿದೆ. ಒಂದು ಮಂಚ, ಕಿಟಕಿ, ಒಂದೇ ಪ್ಲಗ್. ಎಲೆಕ್ಟ್ರಿಷಿಯನ್ನನ್ನು ಕರೆಸಿ ಟೆಸ್ಟರ್ ಹಚ್ಚಿಸಿದರೆ ಅರ್ಥಿಂಗ್ ಇಲ್ಲ. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಜುಮ್ ಅನ್ನುವುದು ಸಾಮಾನ್ಯವಾಗಿ ಇಂಥ ಮನೆಗಳಲ್ಲೇ. ಕಾಕಾ ಸ್ಟೆಬಿಲೈಜರ್ ಬೇಕೇನು ಎಂದು ಕೇಳಿದರು. ಬೇಡ ಎಂದೆ. ಲ್ಯಾಪ್‌ಟಾಪಿನ ಅಡಾಪ್ಟರ್ 100ರಿಂದ 240 ವೋಲ್ಟ್ ತನಕ ತಾನೇ ಹೊಂದಿಸಿಕೊಳ್ಳುತ್ತದೆ. ಕರೆಂಟು ಸಣ್ಣದಾದರೆ ಅದಕ್ಕೆ ತೊಂದರೆಯಿಲ್ಲ, ತೊಂದರೆ ಹೋದ ಕರೆಂಟು ಒಮ್ಮೆಲೇ ಜೋರಾಗಿ ಬಂದಾಗ ಮತ್ತು ಸಿಡಿಲು ಹೊಡೆದಾಗ. ಅದಕ್ಕೆ ಒಂದು ಒಳ್ಳೆಯ ಸ್ಪೈಕ್ ಗಾರ್ಡ್, ಸರಿಯಾದ ಅರ್ಥಿಂಗ್, ಗುಡುಗು ಶುರುವಾದರೆ ಪ್ಲಗ್ ಕೀಳುವ ರೂಢಿ, ಇಷ್ಟು ಸಾಕು.

ಆಮೇಲೆ ಜಮಖಾನದ ಮೇಲೆ ಮೂವರೂ ಕೂತಾಗ ನಾನು ಗುಟ್ಟು ಒಡೆದೆ. “ಕಾಕಾ, ಇವ ಗೇಮೂ ಆಡತಾನ. ಓದಾಕಷ್ಟ ಆದ್ರ ನಲವತ್ತೈದು ಸಾವಿರದಾಗ ಮುಗೀತೈತಿ.”

ತಮ್ಮ ನೆಲ ನೋಡಿದ. ಕಾಕಾ ನನ್ನನ್ನು ನೋಡಿದರು. ಸುಳ್ಳು ಹೇಳಿ ಕೊಡಿಸಿದ್ದರೆ ಏನಾದರೂ ಕೆಟ್ಟ ದಿನ ಇಡೀ ಮನೆಗೆ ಅದೇ ಮಾತಾಗುತ್ತಿತ್ತು. ಅದಕ್ಕೇ ಲೆಕ್ಕವನ್ನೂ ಹೇಳಿದೆ. ಮೊದಲ ವರ್ಷದ ಸಿ ಪ್ರೋಗ್ರಾಂ, ಗಣಿತಕ್ಕೆ ಗ್ರಾಫಿಕ್ಸ್ ಚಿಪ್ ಬೇಡವೇ ಬೇಡ. ಆದರೆ ಅವನದು ಕಂಪ್ಯೂಟರ್ ಸೈನ್ಸ್. ಮೂರನೇ ವರ್ಷಕ್ಕೆ ಮಷಿನ್ ಲರ್ನಿಂಗ್ ಬಂದಾಗ ಗೇಮಿಗೆ ಬೇಕಾದ ಅದೇ ಚಿಪ್ ಓದಿಗೂ ದುಡಿಯುತ್ತದೆ. ಹೆಚ್ಚು ಕೊಡುವ ಇಪ್ಪತ್ತೈದು ಸಾವಿರ ಪೂರ್ತಿ ಆಟಕ್ಕೇ ಹೋಯಿತು ಅಂತಿಲ್ಲ, ಪೂರ್ತಿ ಓದಿಗೇ ಅಂತಲೂ ಇಲ್ಲ.

ಕಾಕಾ ಜಮಖಾನದ ನಡುವಿನ ಪಗಡಿಯ ಮೇಲೆ ಬೆರಳಾಡಿಸುತ್ತ ಕೂತರು. ಕಡೆಗೆ ಅಂದದ್ದು, “ಆಟ ಯಾರ್ ಆಡಿಲ್ಲಪಾ. ಶ್ರಾವಣದಾಗ ನಾವೂ ರಾತ್ರಿಗಟ್ಲೆ ಪಗಡಿ ಆಡೇವಿ. ನನ್ನ ಮುಂದ ಮುಚ್ಚಿಟ್ಟು ಆಡಬ್ಯಾಡ ಅಷ್ಟ.” ಸ್ವಲ್ಪ ತಡೆದು, “ಕಂತು ಬ್ಯಾಡ. ಇದ್ದ ರೊಕ್ಕದಾಗ ತಗೋರಿ.”

ಅಣ್ಣಿಗೇರಿಯ ರೈಲು, ಕಲಘಟಗಿಯ ತೊಟ್ಟಿಲು

ಭಾನುವಾರ ಬೆಳಿಗ್ಗೆ ತಮ್ಮ, ನಾನು ಅಣ್ಣಿಗೇರಿಗೆ ಹೋದೆವು. ದಿನಾ ಕಾಲೇಜಿಗೆ ಅವನು ಹೋಗಬೇಕಾದದ್ದು ಅದೇ ದಾರಿ: ಹಳ್ಳಿಯಿಂದ ಬೈಕಿನಲ್ಲಿ ಅಣ್ಣಿಗೇರಿ, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿ. ರೈಲಿಗೆ ಹೊತ್ತಿತ್ತು, ಅಮೃತೇಶ್ವರ ಗುಡಿಗೆ ಹೋಗಿ ಬಂದೆವು. ಕಲ್ಯಾಣ ಚಾಲುಕ್ಯರ ಕಾಲದ ಕಟ್ಟಡ, ಸುಮಾರು 1050ರದ್ದು. ಕಂಬಗಳು ಬೆಳಗಿನ ಬೆಳಕಿಗೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಪಂಪನ ತಾಯಿ ಅಬ್ಬಣಬ್ಬೆ ಈ ಊರಿನ ಮನೆತನದವಳು. “ಇದು ಸಾವಿರ ವರ್ಷ ಬಾಳಿಕಿ ಬಂದೈತಿ ನೋಡಣ್ಣಾ” ಎಂದು ತಮ್ಮ ನಕ್ಕ.

ರೈಲಿನಲ್ಲಿ ಸೀಟು ಸಿಗಲಿಲ್ಲ. ನನ್ನ ಬ್ಯಾಗನ್ನು ಅವನ ಬೆನ್ನಿಗೆ ಹಾಕಿದೆ. ಒಳಗೆ ನನ್ನ ಆಫೀಸ್ ಲ್ಯಾಪ್‌ಟಾಪ್, ಜೊತೆಗೆ ಬೇಕಂತಲೇ ಇಟ್ಟ ಒಂದು ಕಿಲೋ ಬೆಲ್ಲ. ಗೇಮಿಂಗ್ ಲ್ಯಾಪ್‌ಟಾಪ್ ಎರಡೂಕಾಲು, ಎರಡೂವರೆ ಕಿಲೋ ತೂಗುತ್ತದೆ. ಅದರ ಇಟ್ಟಿಗೆಯಂಥ ಅಡಾಪ್ಟರ್ ಬೇರೆ. ಹುಬ್ಬಳ್ಳಿ ಬರುವಷ್ಟರಲ್ಲಿ ಅವನು ಹೆಗಲು ಬದಲಾಯಿಸಿದ್ದು ನಾಲ್ಕು ಸಲ. ತಾನೇ ಕೇಳಿದ, “ಸಣ್ಣ ಚಾರ್ಜರ್ ನಡಿಯೂದಿಲ್ಲೇನು?” ನಡೆಯುತ್ತದೆ, ಟೈಪ್-ಸಿ ಕಿಂಡಿಯಿಂದ ಚಾರ್ಜ್ ಆಗುವ ಮಾಡೆಲ್ ಆರಿಸಿದರೆ. ಆಟಕ್ಕೆ ದೊಡ್ಡ ಅಡಾಪ್ಟರ್ ಮನೆಯಲ್ಲಿ ಇರಲಿ, ಕಾಲೇಜಿಗೆ 65 ವ್ಯಾಟ್‌ನ ಸಣ್ಣದು ಸಾಕು.

ಅಲ್ಲಿಂದ ಕಲಘಟಗಿ ಬಸ್ಸು. ಅಕ್ಕನ ಬಾಣಂತನ ಹತ್ತಿರ ಬಂದಿತ್ತು. ಮನೆಯ ಹಳೇ ಕಲಘಟಗಿ ತೊಟ್ಟಿಲಿನ ಒಂದು ಕಾಲು ಮುರಿದಿದ್ದಕ್ಕೆ ಹೊಸ ಕಾಲು ಮಾಡಲು ಕೊಟ್ಟಿದ್ದರು. ಅದನ್ನು ತರುವ ಕೆಲಸ ನಮ್ಮ ಮೇಲೆ ಬಿತ್ತು. ಹುಬ್ಬಳ್ಳಿಯಿಂದ ಮೂವತ್ತು ಕಿಲೋಮೀಟರ್ ಹೋದರೆ ಜಿಲ್ಲೆಯೇ ಬೇರೆ ಅನ್ನಿಸುತ್ತದೆ. ಕಪ್ಪು ಮಣ್ಣು ಹೋಗಿ ಕೆಂಪು ಬಂತು, ಭತ್ತದ ಗದ್ದೆ ಬಂತು, ಯಲ್ಲಾಪುರದ ಕಡೆ ಸಾಗವಾನಿ ಕಾಡು. ಗಾಳಿ ಕೂಡ ಹಸಿ.

ಬಡಿಗೇರ ಅಜ್ಜ ಗೋಣಿಚೀಲದಿಂದ ಕಾಲು ತೆಗೆದು ತೋರಿಸಿದ. ಸಾಗವಾನಿ, ಮೇಲೆ ಅರಗಿನ ಬಣ್ಣ. ಹಳೇ ಮೂರು ಕಾಲಿನ ಪಕ್ಕ ಇಟ್ಟರೆ ಇದು ಸ್ವಲ್ಪ ಹೊಸದಾಗಿ ಕಾಣಬಹುದು, ಅಷ್ಟೇ. ಇಡೀ ತೊಟ್ಟಿಲು ಬದಲಿಸಬೇಕೇನೋ ಅಂದುಕೊಂಡಿದ್ದೆವು ಎಂದೆ. “ಒಂದ ಕಾಲು ಮುರದ್ರ ಒಂದ ಕಾಲು ಮಾಡೂದ್ರಿ. ಬಿಚ್ಚಾಕ ಬರೂ ಹಂಗ ಮಾಡಿದ್ರ ಬಾಳಿಕಿ ಬರತೈತಿ” ಎಂದ ಅಜ್ಜ.

ನಾನು ಏಳೆಂಟು ವರ್ಷದಿಂದ ಕಂಪ್ಯೂಟರಿನ ಕೆಲಸ ಮಾಡುತ್ತಿದ್ದೇನೆ. ಇಷ್ಟು ಚಿಕ್ಕದಾಗಿ ಆ ಮಾತು ನನಗೆ ಹೇಳಲು ಬಂದಿರಲಿಲ್ಲ.

ಅಂಗಡಿಯಲ್ಲಿ

ಸಂಜೆ ಹುಬ್ಬಳ್ಳಿಯ ಅಂಗಡಿಗೆ ಗೋಣಿಚೀಲ ಸುತ್ತಿದ ತೊಟ್ಟಿಲ ಕಾಲಿನ ಸಮೇತ ಹೋದೆವು. ಸೇಲ್ಸ್ ಹುಡುಗ ಬಣ್ಣದ ಬೆಳಕಿನ ಕೀಬೋರ್ಡ್ ತೋರಿಸಿದ. ತಮ್ಮ ಕೇಳಿದ, “ಇದರ ರ್‍ಯಾಮ್ ಬಿಚ್ಚಾಕ ಬರತೈತೇನ್ರಿ?”

ನಾವು ನೋಡಿದ್ದು ಇಷ್ಟನ್ನು. ರ್‍ಯಾಮ್ 16 ಜಿಬಿ, ಆದರೆ ಬೋರ್ಡಿಗೆ ಬೆಸುಗೆ ಹಾಕಿದ್ದಲ್ಲ. ಒಂದು ಸ್ಲಾಟ್ ಖಾಲಿ ಇರಬೇಕು, ಮೂರು ವರ್ಷಕ್ಕೆ ಸಾಲದಾದರೆ ಇನ್ನೊಂದು ಕೂಡಿಸಲು. ಎಸ್‌ಎಸ್‌ಡಿಗೂ ಎರಡನೇ ಜಾಗ. ಬ್ಯಾಟರಿ ಸ್ಕ್ರೂ ತೆಗೆದು ಬದಲಿಸುವಂತಿರಬೇಕು, ಯಾಕೆಂದರೆ 300ರಿಂದ 500 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಯಾವ ಬ್ಯಾಟರಿಯೂ ಸೊರಗುತ್ತದೆ. ಸದಾ ಪ್ಲಗ್‌ನಲ್ಲಿಟ್ಟು ಆಡುವವರು ಸೆಟ್ಟಿಂಗ್‌ನಲ್ಲಿ ಚಾರ್ಜ್ ಮಿತಿ 80 ಶೇಕಡಾಕ್ಕೆ ಇಟ್ಟರೆ ಅದರ ಆಯಸ್ಸು ಹೆಚ್ಚುತ್ತದೆ.

ಗ್ರಾಫಿಕ್ಸ್ ವಿಷಯದಲ್ಲಿ ಹೆಸರಿಗೆ ಮರುಳಾಗಬೇಡಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಚಿಪ್ಪು 35 ವ್ಯಾಟ್‌ನಲ್ಲೂ ಓಡುತ್ತದೆ, 115 ವ್ಯಾಟ್‌ನಲ್ಲೂ ಓಡುತ್ತದೆ. ಸ್ಟಿಕ್ಕರ್ ಅದೇ, ಓಟ ಬೇರೆ. ತೆಳ್ಳಗಿನ ಮಷಿನ್ ಚಂದ ಕಾಣುತ್ತದೆ, ಆದರೆ ಅದೇ ಬಿಸಿಯನ್ನು ಸಣ್ಣ ಜಾಗದಿಂದ ಹೊರಹಾಕಬೇಕು. ನಮ್ಮ ಎರಿ ಧೂಳಿಗೆ ಸ್ವಲ್ಪ ದಪ್ಪಗಿನ, ಹಿಂಬದಿ ಗಾಳಿಕಿಂಡಿ ದೊಡ್ಡದಿರುವ, ಕೆಳಗಿನ ಮುಚ್ಚಳ ಸುಲಭವಾಗಿ ಬಿಚ್ಚುವಂಥದ್ದೇ ಲೇಸು. ಮುಚ್ಚಳ ಹತ್ತು ಸಲ ತೆರೆದು ಮುಚ್ಚಿ ಕೀಲು ಅಲುಗುತ್ತದೆಯೇ ನೋಡಿದೆವು. ಹಳೇ ಮಾಡೆಲ್ ಅಗ್ಗಕ್ಕೆ ಸಿಕ್ಕರೂ ವಿಂಡೋಸ್ 11 ನಡೆಯುತ್ತದೆಯೇ ಕೇಳಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿತು.

ಕಡೆಯದು ವಾರಂಟಿ. ‘ಮನೆಬಾಗಿಲಿಗೆ ಸರ್ವೀಸ್’ ಎಂದು ಬರೆದಿದ್ದರೂ ಅದು ಎಲ್ಲ ಹಳ್ಳಿಗೂ ಇರುವುದಿಲ್ಲ. ಬಿಲ್ ಮಾಡಿಸುವ ಮೊದಲೇ ನಿಮ್ಮ ಊರಿನ ಪಿನ್‌ಕೋಡ್ ಹಾಕಿ ನೋಡಿ. ತಮ್ಮ ಮೆಚ್ಚಿದ ಮೊದಲ ಮಾಡೆಲ್ ಅಲ್ಲೇ ಬಿದ್ದುಹೋಯಿತು. ಎರಡನೆಯದಕ್ಕೆ ಸರ್ವೀಸ್ ಹುಬ್ಬಳ್ಳಿಯಲ್ಲೇ ಇತ್ತು. ಬೆಲೆ 70 ಸಾವಿರದ ಒಳಗೆ ಬಂತು, ಮೂರು ವರ್ಷದ ವಾರಂಟಿ ಸೇರಿಸಿದರೆ ಮಾತ್ರ ದಾಟುತ್ತಿತ್ತು.

ವಾರಂಟಿಯ ರೊಕ್ಕ ನಾನು ಕೊಟ್ಟೆ. ಉಳಿದದ್ದರಲ್ಲಿ ಸ್ಪೈಕ್ ಗಾರ್ಡ್, ಸಣ್ಣ ಚಾರ್ಜರ್, ಒಂದು ಮಡಚುವ ಮೇಜು, ಮನೆಯ ಅರ್ಥಿಂಗ್ ಕೆಲಸಕ್ಕೆ ಕೂಲಿ. ಎಲ್ಲ ಕೂಡಿಸಿದರೆ ಹತ್ತು ಸಾವಿರ. ತಮ್ಮನಿಗೆ ಯಾಕೆಂದು ಹೇಳಲಿಲ್ಲ. ಕಾಕಾಗೆ ಫೋನಿನಲ್ಲಿ ಹೇಳಿದೆ. “ನೆನಪೈತೇನು ನಿನಗ?” ಎಂದರು, ಅಷ್ಟೇ.

ರಾತ್ರಿ ಬೆಂಗಳೂರು ರೈಲು ಕುಂದಗೋಳ ದಾಟುವಾಗ ಬಾಗಿಲಲ್ಲಿ ನಿಂತಿದ್ದೆ. ಸವಾಯಿ ಗಂಧರ್ವರ ಊರು. ಭೀಮಸೇನ ಜೋಶಿ ಇಲ್ಲಿ ಗುರುವಿನ ಮನೆಯಲ್ಲೇ ಇದ್ದು ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಇದೇ ಹಳಿಯ ಮೇಲೆ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ನಾಳೆ ಬೆಳಿಗ್ಗೆ ಇನ್ನೊಂದು ಹಳಿಯ ಮೇಲೆ, ಅಣ್ಣಿಗೇರಿಯಿಂದ, ನನ್ನ ತಮ್ಮ ಹೊರಡುತ್ತಾನೆ, ಬೆನ್ನಿಗೆ ಎರಡೂಕಾಲು ಕಿಲೋ ಹೊತ್ತು.

ಒಂದು ವಾರದ ನಂತರ ಅವನು ಫೋಟೋ ಕಳಿಸಿದ. ಚಿಗವ್ವ ಹಳೇ ಸೀರೆಗಳ ತುಂಡು ಕೂಡಿಸಿ ಲ್ಯಾಪ್‌ಟಾಪಿಗೆ ಒಂದು ಸಣ್ಣ ಕೌದಿ ಹೊಲಿದಿದ್ದರು, ಧೂಳು ಬೀಳಬಾರದೆಂದು. ನಾನು ಕೂಡಲೇ ಉತ್ತರ ಬರೆದೆ: “ಪೂರ್ತಿ ಬಂದ್ ಮಾಡಿ, ಆರಿದ ಮ್ಯಾಲ ಹೊಚ್ಚು.”

“ಅವ್ವನೂ ಅದನ್ನ ಹೇಳಿದ್ಲಣ್ಣಾ” ಎಂದ.