ಕಾರ್ಬೊರೇಟರ್ ಬದಲಿಸೋ ಮುಂಚೆ ಒಂದ್ಸಲ ಬಿಚ್ಚಿ ನೋಡಿ

ಈ ಸಲ ಬೆಳೆ ವಿಷಯ ಅಲ್ಲ, ಬೆಳೆ ಹೊರೋ ಗಾಡಿ ವಿಷಯ.

ನಮ್ಮ ಕಡೆ ಮಾರ್ಕೆಟ್ಟಿಗೆ ಹೋಗೋ ಲಾರಿ, ಹಳೇ ಟಾಟಾ ಏಸ್ ಎಲ್ಲ ಡೀಸೆಲ್. ಅವಕ್ಕೆ ಕಾರ್ಬೊರೇಟರೇ ಇಲ್ಲ. ಕಾರ್ಬೊರೇಟರ್ ಕಾಟ ಏನಿದ್ರೂ ಹಳೇ ಪೆಟ್ರೋಲ್ ಗಾಡಿ ಇಟ್ಟುಕೊಂಡಿರೋ ನಮ್ಮಂಥವರಿಗೆ: ಓಮ್ನಿ, ಲಗೇಜ್ ಆಟೋ, ಟಿವಿಎಸ್ ಎಕ್ಸೆಲ್. ನಂದು ಓಮ್ನಿ. 796 ಸಿಸಿ, 3 ಸಿಲಿಂಡರ್. ಮಾರುತಿಯವರು ಈ ವ್ಯಾನ್ ತಂದಿದ್ದು 1984ರಲ್ಲಿ, ನಿಲ್ಲಿಸಿದ್ದು 2019ರಲ್ಲಿ. ನಡುವೆ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಬಂತು. ನನ್ನ ಗಾಡಿ ಅದಕ್ಕೂ ಮುಂಚಿನದು.

ಸ್ವಲ್ಪ ದಿನದಿಂದ ತೊಂದರೆ ಶುರುವಾಗಿತ್ತು. ಕೆಂಗೇರಿ ದಾಟೋವರೆಗೆ ಚೆನ್ನಾಗಿ ಓಡೋದು. ನಾಯಂಡಹಳ್ಳಿ ಸಿಗ್ನಲ್‌ನಲ್ಲಿ ಕಾಲು ತೆಗೆದರೆ ಆಫ್. ಸಿರ್ಸಿ ಸರ್ಕಲ್ ಫ್ಲೈಓವರ್ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಒಂದು ಗಳಿಗೆ ಉಸಿರು ಕಟ್ಟಿದ ಹಾಗೆ ಆಗಿ ಆಮೇಲೆ ಎಳೆಯೋದು. ಹಿಂದೆ ಲಾರಿ ಹಾರನ್, ಗಾಡಿ ತುಂಬ ಕೊತ್ತಂಬರಿ, ದಂಟು. ಕೆ.ಆರ್. ಮಾರ್ಕೆಟ್ಟಿಗೆ ಬೆಳಕು ಹರಿಯೋ ಮುಂಚೆ ಮುಟ್ಟದಿದ್ದರೆ ಸೊಪ್ಪಿಗೆ ಕೇಳಿದ ರೇಟಿಗೆ ಕೊಡಬೇಕು. ಸೊಪ್ಪು ಯಾರಿಗೂ ಕಾಯಲ್ಲ.

ಒಬ್ಬ ಮೆಕ್ಯಾನಿಕ್ ನೋಡಿ "ಹೊಸ ಕಾರ್ಬೊರೇಟರ್ ಹಾಕಿ, ಇಲ್ಲಾಂದ್ರೆ ಗುಜರಿಗೆ ಕೊಟ್ಟು ಲೋನಲ್ಲಿ ಬೇರೆ ಗಾಡಿ ತಗೊಳ್ಳಿ" ಅಂದರು. ತಿಂಗಳ ಕಂತು ಕಟ್ಟೋಕೆ ಎಷ್ಟು ಕಂತೆ ಸೊಪ್ಪು ಮಾರಬೇಕು ಅಂತ ಲೆಕ್ಕ ಹಾಕಿದ ಮೇಲೆ, ಮೊದಲು ಬಿಚ್ಚಿ ನೋಡೋಣ ಅಂತ ತೀರ್ಮಾನ ಮಾಡಿದೆ. ಹಳೇ ಗಾಡಿ ರಿಪೇರಿ ಮಾಡೋ ಇನ್ನೊಬ್ಬರ ಜೊತೆ ಕೂತು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ವಿ.

ಬಿಚ್ಚೋಕೆ ಮುಂಚೆ ಬೇರೆಯದನ್ನೆಲ್ಲ ನೋಡಬೇಕು. ಎಷ್ಟೋ ಸಲ ತಪ್ಪು ಬೇರೆಯದು, ಬೈಗುಳ ಕಾರ್ಬೊರೇಟರಿಗೆ. ಪೆಟ್ರೋಲ್ ಫಿಲ್ಟರ್, ಏರ್ ಫಿಲ್ಟರ್, ಪ್ಲಗ್ ನೋಡಿ. ಪ್ಲಗ್ ತುದಿ ಮಸಿ ಆಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಬೆಳ್ಳಗಿದ್ದರೆ ಕಮ್ಮಿ, ಇಟ್ಟಿಗೆ ಪುಡಿ ಬಣ್ಣ ಇದ್ದರೆ ಸರಿ. ವ್ಯಾಕ್ಯೂಮ್ ಪೈಪ್ ಎಲ್ಲಾದರೂ ಸೀಳಿದ್ದರೂ ಐಡ್ಲಿಂಗ್ ನಿಲ್ಲಲ್ಲ. ನನ್ನ ಗಾಡೀಲಿ ಇವೆಲ್ಲ ಸರಿ ಇತ್ತು.

ಓಮ್ನಿ ಎಂಜಿನ್ ಮುಂದಿನ ಸೀಟಿನ ಕೆಳಗೆ. ಹಾಗಾಗಿ ಮೊದಲು ಬ್ಯಾಟರಿ ವೈರ್ ಬಿಚ್ಚಿ, ಬಾಗಿಲೆಲ್ಲ ತೆಗೆದು, ಬಯಲಲ್ಲಿ ಮಾಡಿ. ಬೀಡಿ ಹತ್ತಿರಕ್ಕೂ ಬರಬಾರದು. ಪ್ರತಿ ಪೈಪು, ಪ್ರತಿ ಕಡ್ಡಿ ಬಿಚ್ಚೋ ಮುಂಚೆ ಮೊಬೈಲಲ್ಲಿ ಫೋಟೋ ತೆಗೀರಿ.

ಫ್ಲೋಟ್ ಇರೋ ಬಟ್ಟಲು ತೆಗೆದಾಗ ಕಾರಣ ಕಾಣಿಸ್ತು. ತಳದಲ್ಲಿ ನೀರಿನ ಹನಿ, ಗೋಡೆಗೆ ಸುಣ್ಣದಂಥ ಬಿಳಿ ಪುಡಿ. ಐಡ್ಲಿಂಗ್ ಜೆಟ್ಟಿನ ತೂತು ಮುಚ್ಚಿತ್ತು, ಸಿಗ್ನಲ್‌ನಲ್ಲಿ ಆಫ್ ಆಗ್ತಿದ್ದಿದ್ದು ಅದಕ್ಕೆ. ಆಕ್ಸಿಲರೇಟರ್ ಪಂಪಿನ ರಬ್ಬರ್ ಪರದೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಫ್ಲೈಓವರ್ ಮೇಲೆ ಉಸಿರು ಕಟ್ಟುತ್ತಿದ್ದಿದ್ದು ಅದಕ್ಕೆ.

ನೀರು ಎಲ್ಲಿಂದ? ಈಗಿನ ಪೆಟ್ರೋಲಲ್ಲಿ 20 ಭಾಗ ಎಥನಾಲ್. ಈ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟಿದ್ದೂ ನಮ್ಮ ಬೆಂಗಳೂರಲ್ಲೇ, 2023ರ ಫೆಬ್ರವರಿ 6ಕ್ಕೆ. ಎಥನಾಲ್ ಗಾಳಿಯ ತೇವ ಹೀರುತ್ತೆ. ನೀರು ಮಿತಿ ಮೀರಿದರೆ ನೀರು, ಎಥನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಹಳೇ ಕಾಲದ ರಬ್ಬರ್ ಅದನ್ನ ತಡೆಯಲ್ಲ. ಹೊಸ ಗಾಡಿಯ ಕಂಪ್ಯೂಟರ್ ಇಂಧನದ ಅಳತೆ ತಾನೇ ಸರಿ ಮಾಡಿಕೊಳ್ಳುತ್ತೆ, ಜೆಟ್ಟಿನ ತೂತು ಮಾತ್ರ ಇದ್ದಷ್ಟೇ ಇರುತ್ತೆ. ಆ ಎಥನಾಲ್ ಆಗೋದು ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ. ಬೆಳೆದವನಿಗೆ ಅದರಿಂದ ನಾಲ್ಕು ಕಾಸು ಬಂದರೆ ಬೈಯೋಕೆ ನನಗೆ ಬಾಯಿ ಬರಲ್ಲ. ಆದರೆ ಹಳೇ ಗಾಡಿ ಇಟ್ಟುಕೊಂಡವರು ಎಚ್ಚರ ತಪ್ಪಬಾರದು.

ಜೆಟ್ ತೂತಿಗೆ ಸೂಜಿ, ತಂತಿ ಹಾಕಬೇಡಿ. ಅದು ಮೆತ್ತಗಿನ ಹಿತ್ತಾಳೆ. ತೂತು ಕೂದಲಷ್ಟು ಅಗಲ ಆದರೂ ಮೈಲೇಜ್ ಹೋಯ್ತು. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ, ಆಮೇಲೆ ಗಾಳಿ, ಅಷ್ಟೇ ಸಾಕು. ಫ್ಲೋಟ್ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತಾಗಿದೆ. ನೀಡಲ್ ವಾಲ್ವ್ ತುದಿ ಸವೆದಿದ್ದರೆ ಪೆಟ್ರೋಲ್ ಉಕ್ಕಿ ಕಪ್ಪು ಹೊಗೆ ಬರುತ್ತೆ. ರಬ್ಬರ್, ಗ್ಯಾಸ್ಕೆಟ್, ನೀಡಲ್ ಎಲ್ಲ ಸೇರಿದ ಕಿಟ್ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಹಳೇ ಪರದೆ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅಳತೆ ಹೊಂದಿಸಿ ತಗೊಳ್ಳಿ. ನನಗೆ ಹೊಸ ಕಾರ್ಬೊರೇಟರಿನ ಬೆಲೆಯ ಸಣ್ಣ ಪಾಲಲ್ಲಿ ಕೆಲಸ ಮುಗೀತು.

ಹಾಗಾದ್ರೆ ಬದಲಿಸೋದು ಯಾವಾಗ? ಥ್ರಾಟಲ್ ಕಡ್ಡಿ ಹಿಡಿದು ಅಲ್ಲಾಡಿಸಿ. ಅದು ಕೂರೋ ತೂತು ಸವೆದು ಗಡಗಡ ಆಡ್ತಿದ್ದರೆ ಅಲ್ಲಿಂದ ಗಾಳಿ ಕಳ್ಳತನ ಆಗುತ್ತೆ. ಅದನ್ನ ಯಾವ ಕಿಟ್ಟೂ ಸರಿ ಮಾಡಲ್ಲ. ಬಾಡಿ ಬಿರುಕು ಬಿಟ್ಟಿದ್ದರೂ ಅಷ್ಟೇ. ಆಗ ಬದಲಿಸಿ. ಆದರೆ ಅಗ್ಗದ ನಕಲಿ ಹೊಸದಕ್ಕಿಂತ, ಆಟ ಇಲ್ಲದ ಹಳೇ ಅಸಲಿ ಎಷ್ಟೋ ವಾಸಿ.

ಜೋಡಿಸಿದ ಮೇಲೆ ಐಡ್ಲಿಂಗ್ ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ಕೊನೆಗೆ ತಿರುಗಿಸಿ, ಬಿಗಿ ಮಾಡದೆ, ಒಂದೂವರೆ ಎರಡು ಸುತ್ತು ಹಿಂದಕ್ಕೆ ತಂದು ಶುರು ಮಾಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸದ್ದು ಸಮ ಆಗೋ ಜಾಗದಲ್ಲಿ ನಿಲ್ಲಿಸಿ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಮಂಗಳೂರಲ್ಲಿ ಕೂರಿಸಿದ ಅಳತೆ ಇಲ್ಲಿ ಹಾಗೇ ಹೊಂದಲ್ಲ. ಕಿವಿಯನ್ನೇ ನಂಬದೆ ಹೊಗೆ ತಪಾಸಣೆ ಕೇಂದ್ರದಲ್ಲಿ ಒಂದ್ಸಲ ನೋಡಿಸಿ. ನನ್ನ ಗಾಡಿ ಪಾಸಾಯ್ತು. ಈಗ ನಾಯಂಡಹಳ್ಳೀಲಿ ಎಷ್ಟು ಹೊತ್ತು ನಿಂತರೂ ಆಫ್ ಆಗಲ್ಲ.

ಇದೇ ಮಾತು ಕಳೆ ಕೊಚ್ಚೋ ಮಿಷನ್ನು, ಪವರ್ ಸ್ಪ್ರೇಯರಿಗೂ ಸಲ್ಲುತ್ತೆ. ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗೋವರೆಗೆ ಓಡಿಸಿ ಇಡಿ. ಓಮ್ನಿ ವಾರಗಟ್ಟಲೆ ನಿಲ್ಲಿಸೋದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಗಾಳಿಗೆ ಜಾಗ ಕಮ್ಮಿ ಇದ್ದಷ್ಟೂ ತೇವ ಕಮ್ಮಿ. ನಿಮ್ಮ ಹತ್ತಿರ ಯಾವ ಹಳೇ ಗಾಡಿ ಇದೆ, ಏನು ತೊಂದರೆ ಕೊಡ್ತಿದೆ ಬರೀರಿ. ಗೊತ್ತಿರೋರು ಗೊತ್ತಿಲ್ಲದವರಿಗೆ ಹೇಳೋಣ.