ದಾರಿ ಕಾಯುವ ಕಣ್ಣು

ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಶಾಲೆಯ ಬಸ್ಸು ತಡವಾದರೆ ಹಿಂದೆ ನಾವು ಜಗಲಿಯಲ್ಲಿ ನಿಂತು ದಾರಿ ಕಾಯುತ್ತಿದ್ದೆವು. ಇಂದು ಸೊಸೆ ಮೊಬೈಲು ನೋಡಿ, "ಮಾವ, ಬಸ್ಸು ಸೇತುವೆ ದಾಟಿತು" ಎನ್ನುತ್ತಾಳೆ.

ಬಸ್ಸು, ಟ್ಯಾಕ್ಸಿಗಳಂಥ ಹೊಸ ಸಾರ್ವಜನಿಕ ವಾಹನಗಳಿಗೆ 2019ರ ಜನವರಿ 1ರಿಂದ ಸ್ಥಳಸೂಚಕ ಸಾಧನವೂ ಆಪತ್ತಿನ ಗುಂಡಿಯೂ ಕಡ್ಡಾಯವಾಗಿವೆ. ಒಂಟಿಯಾಗಿ ಪಯಣಿಸುವ ಹೆಣ್ಣುಮಗಳಿಗೆ ಅದು ಅಭಯ. ಆದರೆ ಅಂಥ ಸಾಧನವೇ ಚಾಲಕನು ಚಹಾಕ್ಕೆ ನಿಂತುದನ್ನೂ, ಸ್ವಂತ ಕಾರು ಯಾವ ವೈದ್ಯರ ಬಾಗಿಲಲ್ಲಿ ನಿಂತಿತೆಂಬುದನ್ನೂ ಬರೆದಿಡಬಲ್ಲುದು.

ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತು. ಅರ್ಜಿದಾರರು ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಸಾಧನ ಬೇಡವೆಂದು ನಾವು ಹೇಳೆವು. ದಾಖಲೆಯನ್ನು ಯಾರು, ಏತಕ್ಕೆ, ಎಷ್ಟು ಕಾಲ ಇಟ್ಟುಕೊಳ್ಳುವರೆಂಬುದು ಚಾಲಕನಿಗೂ ಪ್ರಯಾಣಿಕನಿಗೂ ತಿಳಿದಿರಬೇಕು. ಶಾಲೆಯ ಹಾಜರಿ ಪುಸ್ತಕದಲ್ಲಿಯೂ, ಗಂಟೆ ಬಾರಿಸಿದ ಮೇಲೆ ಮಗು ಎಲ್ಲಿ ಆಡಿತೆಂದು ಬರೆಯಲು ಕಾಲಂ ಇರಲಿಲ್ಲ.