ಕಂಟ್ರೋಲ್, ಆಲ್ಟ್, ಡಿ

ಕಳೆದ ತಿಂಗಳು ಆಫೀಸಿನಲ್ಲಿ ಹೊಸ ಲ್ಯಾಪ್‌ಟಾಪ್ ಕೊಟ್ಟರು. ನಾನು ಮೊದಲು ಹಾಕಿಕೊಂಡಿದ್ದು ಆಟೋಹಾಟ್‌ಕೀ. ಹಳೆಯ ಮಷೀನಿನಿಂದ ತಂದ ನಾಲ್ಕೈದು ಸಾಲಿನ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎರರ್! ಹತ್ತು ವರ್ಷ ತಕರಾರಿಲ್ಲದೆ ಉತ್ತ ಎತ್ತು ಒಂದು ಬೆಳಿಗ್ಗೆ ಏಳೋದೇ ಇಲ್ಲ ಅಂದ ಹಾಗಾಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಆಟೋಹಾಟ್‌ಕೀ 2003ರಿಂದ ಇರುವ, ವಿಂಡೋಸ್‌ನಲ್ಲಿ ನಡೆಯುವ ಪುಕ್ಕಟೆ ಟೂಲ್. ನೋಟ್‌ಪ್ಯಾಡಿನಲ್ಲಿ ಸಾಲು ಬರೆಯೋದು: ಕಂಟ್ರೋಲ್‌ಗೆ ಒಂದು ಟೊಪ್ಪಿ ಗುರುತು, ಆಲ್ಟ್‌ಗೆ ಆಶ್ಚರ್ಯಸೂಚಕ ಚಿಹ್ನೆ, ಆಮೇಲೆ ಡಿ, ಎರಡು ಕೋಲನ್, ರನ್, ಕೊನೆಗೆ ವೆಬ್‌ಸೈಟಿನ ವಿಳಾಸ. ಆ ಮೂರು ಕೀ ಒಟ್ಟಿಗೆ ಒತ್ತಿದರೆ ಸೈಟ್ ತೆರೆದುಕೊಳ್ಳುತ್ತದೆ. ಉಳಿದ ಹೊತ್ತು ಅದಕ್ಕೆ ವಿಂಡೋ ಇಲ್ಲ, ಸದ್ದಿಲ್ಲ. ಗಡಿಯಾರದ ಪಕ್ಕದಲ್ಲಿ ಹಸಿರು ಬಣ್ಣದ ಒಂದು 'ಎಚ್' ಅಷ್ಟೇ. ಬಸ್‌ಸ್ಟ್ಯಾಂಡಿನ ಅಂಗಡಿಯವನಿಗೆ "ಬಸ್ ಬಂದ್ರೆ ಒಂದು ಕೂಗು ಹಾಕಪ್ಪ" ಅಂತ ಹೇಳಿ ಬೆಂಚಿನ ಮೇಲೆ ಮಲಗುತ್ತೇವಲ್ಲ, ಹಾಗೆ ಇದು ವಿಂಡೋಸ್‌ಗೆ ಹೇಳಿ ಮಲಗಿರುತ್ತದೆ. ಸ್ಟಾರ್ಟಪ್ ಫೋಲ್ಡರಿಗೆ ಹಾಕಿಬಿಟ್ಟರೆ ದಿನಾ ಎಬ್ಬಿಸುವ ಕೆಲಸವೂ ಇಲ್ಲ.

ನನ್ನ ವಿಳಾಸ ಒಂದು ಇಂಗ್ಲಿಷ್ ನಿಘಂಟಿನದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಬಿಇಯನ್ನು ಹೇಗೋ ಬಾಯಿಪಾಠದಲ್ಲಿ ದಾಟಿದೆ. ಆದರೆ ಮೊದಲ ಕೆಲಸದಲ್ಲಿ ಕ್ಲೈಂಟ್ ಮೇಲ್‌ಗಳು ಬರತೊಡಗಿದವು. ಕೋಡ್ ಅರ್ಥವಾಗುತ್ತಿತ್ತು, ಮೇಲ್ ಆಗುತ್ತಿರಲಿಲ್ಲ. ಪಕ್ಕದವರನ್ನು ಕೇಳೋಕೆ ನಾಚಿಕೆ. ಬ್ರೌಸರ್ ತೆಗೆದು, ಟೈಪ್ ಮಾಡಿ, ಹುಡುಕುವಷ್ಟರಲ್ಲಿ ಹಿಂದೆ ಯಾರಾದರೂ ನಿಂತಿರುತ್ತಿದ್ದರು. ಅದಕ್ಕೇ ಈ ಗುಟ್ಟಿನ ಬಾಗಿಲು. ಪದ ಸೆಲೆಕ್ಟ್ ಮಾಡಿ ಕೀ ಒತ್ತಿದರೆ ಸ್ಕ್ರಿಪ್ಟೇ ಅದನ್ನು ಕಾಪಿ ಮಾಡಿ, ವಿಳಾಸದ ಬಾಲಕ್ಕೆ ಅಂಟಿಸಿ, ಅರ್ಥದ ಪುಟ ತೆರೆಯುತ್ತಿತ್ತು. ಕಾಪಿಗೆ ಮೊದಲು ಕ್ಲಿಪ್‌ಬೋರ್ಡ್ ಖಾಲಿ ಮಾಡಬೇಕು ಅಂತ ಶುರುವಿನಲ್ಲಿ ಗೊತ್ತಿರಲಿಲ್ಲ. ಒಂದು ಸಲ ಅದು ನನ್ನ ಪಾಸ್‌ವರ್ಡಿನ ಅರ್ಥ ಹುಡುಕಿಕೊಂಡು ಹೋಗಿತ್ತು.

ಒಂದು ದಿನ ರಿವ್ಯೂ ಮೀಟಿಂಗ್. ಸ್ಕ್ರೀನ್ ಶೇರ್ ಮಾಡಿದ್ದು ನಾನೇ. ಮೇಲ್‌ನಲ್ಲಿ 'ಆಲ್‌ಬಿಯಿಟ್' ಅಂತ ಇತ್ತು. ಅಭ್ಯಾಸಬಲ ನೋಡಿ, ಬೆರಳು ತಾವಾಗಿಯೇ ಒತ್ತಿಬಿಟ್ಟವು. ಹನ್ನೆರಡು ಜನರ ಪರದೆ ಮೇಲೆ ದಪ್ಪ ಅಕ್ಷರದಲ್ಲಿ ಆ ಪದ, ಕೆಳಗೆ ಅದರ ಅರ್ಥ. ಯಾರೋ ಕೆಮ್ಮಿದ ಹಾಗೆ ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಮೀಟಿಂಗ್ ಮುಗಿದ ಮೇಲೆ ಚಾಟ್‌ನಲ್ಲಿ ಒಂದು ಮೆಸೇಜ್. ಕಳಿಸಿದವರು ನಮ್ಮ ಸೀನಿಯರ್, ಕರಾವಳಿ ಕಡೆಯವರು. ಅವರ ಇಂಗ್ಲಿಷ್ ಕೇಳಿ ನಾನು ಬೆವರಿದ್ದುಂಟು. "ಅದೆಂಥ ಶಾರ್ಟ್‌ಕಟ್ ಮಾರಾಯ? ನಂಗೂ ಕಳ್ಸು. ಯಾರಿಗೂ ಹೇಳ್ಬೇಡ."

ಇಷ್ಟು ದುಡಿದ ಫೈಲ್ ಈಗ ಎರರ್ ಕೊಟ್ಟಿದ್ದೇಕೆ? 2022ರ ಡಿಸೆಂಬರಿನಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ವ್ಯಾಕರಣವೇ ಬದಲಾಗಿದೆ. ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಸರಿ ಮಾಡೋಕೆ ಎರಡು ನಿಮಿಷ. ಆದರೆ ಫೈಲ್ ತೆರೆದು ಕೂತಾಗ ಒಂದು ಯೋಚನೆ ಬಂತು: ಈ ಕೀಗಳನ್ನು ನಾನು ಕೊನೆಗೆ ಒತ್ತಿದ್ದು ಯಾವಾಗ? ನೆನಪಾಗಲಿಲ್ಲ.

ನೆನಪಾಗಿದ್ದು ಹಿಂದಿನ ಭಾನುವಾರ. ಊರಿನಿಂದ ಅಮ್ಮನ ಫೋನು, ಸ್ಪೀಕರಿನಲ್ಲಿ. "ಈ ಸಲ ಅಕ್ಕಡಿ ಸಾಲ್ನಾಗೆ ಅವರೆ ಚೆನ್ನಾಗಿ ಬಂದದೆ ಕಣಪ್ಪ." ಆರು ವರ್ಷದ ಮಗಳು ಕೇಳಿದಳು, "ಅಪ್ಪಾ, ಅಕ್ಕಡಿ ಅಂದ್ರೆ?" ನನ್ನ ಬಾಯಿಗೆ ಬಂದಿದ್ದು, "ಮಿಕ್ಸ್‌ಡ್ ಕ್ರಾಪ್, ಪುಟ್ಟಾ."

"ಅದೇನ್ಲಾ ಅದು, ಕರಾಪು?" ಅಂತ ಅಮ್ಮ.

ಆ ಸಾಲುಗಳ ನಡುವೆ ಅವರೆಕಾಯಿ ಬಿಡಿಸಿದವನು ನಾನು. ಮಗಳಿಗೆ ಹೇಳೋಕೆ ಒಂದು ಕನ್ನಡ ವಾಕ್ಯ ಸಿಗಲಿಲ್ಲ. ಇಂಗ್ಲಿಷ್ ಬರಲ್ಲ ಅಂತ ಗೊತ್ತಾದಾಗ ಕಿವಿ ಬಿಸಿಯಾಗಿತ್ತು. ಕನ್ನಡ ಜಾರುತ್ತಿರುವಾಗ ಅದೂ ಆಗಿರಲಿಲ್ಲ.

ಫೈಲಿಗೆ ಇನ್ನೊಂದು ಶಾರ್ಟ್‌ಕಟ್ ಸೇರಿಸಿದೆ. ಕಂಟ್ರೋಲ್, ಆಲ್ಟ್, ಕೆ. ವಿಳಾಸ 'ಅಲರ್' ನಿಘಂಟಿನದು. ವಿ. ಕೃಷ್ಣ ಎಂಬ ಒಬ್ಬರೇ ನಾಲ್ಕು ದಶಕ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿವೆ. 2019ರಿಂದ ಆನ್‌ಲೈನ್‌ನಲ್ಲಿ ಎಲ್ಲರಿಗೂ ಮುಕ್ತ. ಈಗ ಕನ್ನಡ ಲೇಖನ ಓದುವಾಗ ತಡವರಿಸಿದ ಪದದ ಮೇಲೆ ಒತ್ತುತ್ತೇನೆ. ಕನ್ನಡ ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥ ನೋಡೋದು ನನಗೂ ಒಂಥರಾ ಅನಿಸುತ್ತದೆ. ಆದರೂ ಒತ್ತುತ್ತೇನೆ.

'ಅಕ್ಕಡಿ'ಯನ್ನು ಮಾತ್ರ ಅದರಲ್ಲಿ ಹುಡುಕಲಿಲ್ಲ. ಮರುವಾರ ಫೋನನ್ನು ಮಗಳ ಕೈಗೇ ಕೊಟ್ಟೆ. ಅಮ್ಮ ಹೇಳಿದಳು: "ರಾಗಿ ಹೊಲ್ದಾಗೆ ನಡುನಡುವೆ ಒಂದೊಂದು ಸಾಲು ಅವರೆ, ಜೋಳ, ಹುಚ್ಚೆಳ್ಳು ಹಾಕ್ತೀವಲ್ಲ, ಅದೇ ಕಂದ. ಮಳೆ ಕೈಕೊಟ್ಟು ರಾಗಿ ಹೋದ್ರೂ ಅದಾದ್ರೂ ಕೈಗೆ ಸಿಕ್ತದೆ."

ಹೊಸ ಫೈಲನ್ನು ಆ ಸೀನಿಯರ್‌ಗೂ ಕಳಿಸಿದೆ. ಅವರೀಗ ಬೇರೆ ಕಂಪನಿಯಲ್ಲಿ ಡೈರೆಕ್ಟರ್. ಹತ್ತೇ ನಿಮಿಷಕ್ಕೆ ಉತ್ತರ ಬಂತು: "ಕೆ ಚೆಂದ ಉಂಟು. ಡಿ ತೆಗ್ದಿಲ್ಲ ಅಲ್ವಾ ಮಾರಾಯ?"